ಪ್ಯಾರಿಷ್ ಬಿಟ್ಟು ಹೋದವರ ಆಟ: ಐರಿಷ್ ವಲಸಿಗ ಮಹಿಳೆಯರು ಕಟ್ಟಿದ ಗೇಲಿಕ್ ಫುಟ್‌ಬಾಲ್ ಕ್ಲಬ್‌ಗಳು

(ವಲಸೆ ಮತ್ತು ಕ್ರೀಡೆಯನ್ನು ಕುರಿತ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಐರ್ಲೆಂಡಿನ ಸ್ವಂತ ಆಟಗಳಾದ ಗೇಲಿಕ್ ಕ್ರೀಡೆಗಳಲ್ಲಿ ಪುರುಷರಿಗೆ ಮೀಸಲಾದ ಎರಡು ಅತ್ಯುನ್ನತ ಕಪ್‌ಗಳಿಗೂ ಲಂಡನ್ನಿನಲ್ಲಿ ಬದುಕು ಕಟ್ಟಿಕೊಂಡವರ ಹೆಸರೇ ಇದೆ. ಫುಟ್‌ಬಾಲಿನ ಕಪ್ಪಿಗೆ ಹೆಸರು ಕೊಟ್ಟ ಸ್ಯಾಮ್ ಮಗ್ವೈರ್ ಕಾರ್ಕ್ ಕೌಂಟಿಯ ಡನ್‌ಮ್ಯಾನ್‌ವೇ ಸಮೀಪ ಹುಟ್ಟಿ, ಲಂಡನ್ನಿನ ಅಂಚೆ ಇಲಾಖೆಯಲ್ಲಿ ಕೆಲಸಕ್ಕಿದ್ದು, ಅಲ್ಲಿನ ಐರಿಷ್ ತಂಡದ ನಾಯಕರಾಗಿ ಅಖಿಲ ಐರ್ಲೆಂಡ್ ಫೈನಲ್ ಆಡಿದವರು. ಕೋಲು-ಚೆಂಡಿನ ಆಟವಾದ ಹರ್ಲಿಂಗಿನ ಕಪ್ಪಿಗೆ ಹೆಸರು ಕೊಟ್ಟ ಲಿಯಾಮ್ ಮೆಕಾರ್ಥಿ ಐರಿಷ್ ತಂದೆತಾಯಿಯರಿಗೆ ಲಂಡನ್ನಿನಲ್ಲೇ ಹುಟ್ಟಿ, 1890ರ ದಶಕದ ಕೊನೆಯಲ್ಲಿ ಅಲ್ಲಿನ ಕೌಂಟಿ ಮಂಡಳಿಯನ್ನು, ಅಂದರೆ ಗೇಲಿಕ್ ಕ್ರೀಡೆಗಳ ಸ್ಥಳೀಯ ಆಡಳಿತ ಸಮಿತಿಯನ್ನು, ಮುನ್ನಡೆಸಿದವರು. ಮಹಿಳೆಯರ ಫುಟ್‌ಬಾಲಿನ ಅತ್ಯುನ್ನತ ಪ್ರಶಸ್ತಿಯಾದ ಬ್ರೆಂಡನ್ ಮಾರ್ಟಿನ್ ಕಪ್ಪಿನ ಹೆಸರು ಮಾತ್ರ ಐರ್ಲೆಂಡಿನ ನಡುಭಾಗದ ಆಫಲಿ ಕೌಂಟಿಯ ಸಂಘಟಕರೊಬ್ಬರದು. ಪುರುಷರ ಆಟದ ಚರಿತ್ರೆಯಲ್ಲಿ ವಲಸಿಗರು ಮೊದಲಿನಿಂದಲೂ ಇದ್ದಾರೆ. ಮಹಿಳೆಯರ ಆಟದ ಚರಿತ್ರೆಯಲ್ಲಿ ಅವರು ತಡವಾಗಿ ಬರುತ್ತಾರೆ. ಈ ತಡಕ್ಕೆ ಕಾರಣವೇನು, ತಡವಾಗಿ ಬಂದವರು ಏನನ್ನು ಕಟ್ಟಿದರು ಎಂಬುದೇ ಈ ಉಪನ್ಯಾಸದ ವಿಷಯ.

ಡಬ್ಲಿನ್ನಿನಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಇಂದು ಈ ಆಟವನ್ನು ಶಾಲೆಯಲ್ಲೇ ಕಲಿಯುತ್ತಾರೆ; ಉಳಿದವರಿಗಾಗಿ ಎರಡು ಮಾತು ಹೇಳಬೇಕು. ಪ್ರತಿ ತಂಡದಲ್ಲಿ ಹದಿನೈದು ಮಂದಿ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಆದರೆ ನಾಲ್ಕು ಹೆಜ್ಜೆಗಿಂತ ಹೆಚ್ಚು ಹೊತ್ತು ಓಡುವಂತಿಲ್ಲ. ಅಷ್ಟರೊಳಗೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದ ತುದಿಗೆ ಬಿಟ್ಟು ಮತ್ತೆ ಕೈಗೆ ಚಿಮ್ಮಿಸಿಕೊಳ್ಳಬೇಕು. ಗೋಲುಕಂಬ ಇಂಗ್ಲಿಷಿನ ಎಚ್ ಅಕ್ಷರದ ಆಕಾರದ್ದು. ಅಡ್ಡಪಟ್ಟಿಯ ಮೇಲಿನಿಂದ ಚೆಂಡು ಹೋದರೆ ಸಾಮಾನ್ಯವಾಗಿ ಒಂದು ಪಾಯಿಂಟ್, ಕೆಳಗಿನ ಬಲೆಗೆ ಬಿದ್ದರೆ ಗೋಲು, ಅಂದರೆ ಮೂರು ಪಾಯಿಂಟ್. ಮಹಿಳೆಯರ ನಿಯಮಗಳಲ್ಲಿ ಕೆಲವು ವ್ಯತ್ಯಾಸಗಳಿವೆ. ಪುರುಷರು ನೆಲದಲ್ಲಿ ಬಿದ್ದ ಚೆಂಡನ್ನು ಮೊದಲು ಕಾಲಿನಿಂದ ಎತ್ತಿಯೇ ಕೈಗೆ ತೆಗೆದುಕೊಳ್ಳಬೇಕು, ಮಹಿಳೆಯರು ನೇರವಾಗಿ ಕೈ ಹಾಕಬಹುದು; ಚೆಂಡು ಸ್ವಲ್ಪ ಚಿಕ್ಕದು; ಬೇಕೆಂದೇ ಮೈಮೇಲೆ ಬೀಳುವುದು ನಿಷಿದ್ಧ. ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದಿದೆ. ಇದು ಹವ್ಯಾಸಿಗಳ ಆಟ, ಆಡಿದ್ದಕ್ಕೆ ಸಂಬಳವಿಲ್ಲ. ಹುಟ್ಟಿ ಬೆಳೆದ ಪ್ಯಾರಿಷ್‌ಗಾಗಿ, ಅಂದರೆ ಚರ್ಚೊಂದರ ವ್ಯಾಪ್ತಿಗೆ ಸೇರಿದ ಊರುಕೇರಿಗಾಗಿ, ಆಡುವುದೇ ವಾಡಿಕೆ. ಆಟಗಾರ್ತಿಯನ್ನು ಯಾರೂ ಹಣ ಕೊಟ್ಟು ಕೊಳ್ಳುವುದಿಲ್ಲ, ಬೇರೆ ಕ್ಲಬ್ ಸೇರಬೇಕಾದರೆ ವರ್ಗಾವಣೆಯ ಅರ್ಜಿ ಬೇಕು. ಆದ್ದರಿಂದ ಊರು ಬಿಟ್ಟವರು ಆಡುವ ಹಕ್ಕಿನ ಆಧಾರವನ್ನೇ ಬಿಟ್ಟು ಹೊರಟಂತಾಗುತ್ತದೆ. ವಲಸಿಗರ ಕ್ಲಬ್ ಹುಟ್ಟುವುದು ಆ ಖಾಲಿ ಜಾಗದಲ್ಲಿ.

ಈಗ ವಲಸೆಯ ವಿಚಾರಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನ ಇತರ ದೇಶಗಳಿಂದ ಅಮೆರಿಕಕ್ಕೆ ಹೋದವರಲ್ಲಿ ಗಂಡಸರು, ಇಲ್ಲವೇ ಇಡೀ ಕುಟುಂಬಗಳು ಹೆಚ್ಚು. ಐರ್ಲೆಂಡಿನಿಂದ ಹೋದವರಲ್ಲಿ ಸರಿಸುಮಾರು ಅರ್ಧದಷ್ಟು ಹೆಂಗಸರು, ಅದರಲ್ಲಿ ಬಹುಪಾಲು ಮದುವೆಯಾಗದ ಹುಡುಗಿಯರು. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆದಾಗ ಅಲ್ಲಿನ ದಾಖಲೆಯಲ್ಲಿ ಮೊದಲು ಹೆಸರು ಬರೆಸಿದವಳು ಕಾರ್ಕ್ ಕೌಂಟಿಯ ಆ್ಯನಿ ಮೂರ್ ಎಂಬ ಹದಿಹರೆಯದ ಹುಡುಗಿ. ಜೊತೆಗೆ ಇಬ್ಬರು ತಮ್ಮಂದಿರಿದ್ದರು. ಬಂದ ಹುಡುಗಿಯರಲ್ಲಿ ಹೆಚ್ಚಿನವರು ಸಿರಿವಂತರ ಮನೆಗಳಲ್ಲಿ ಅಡುಗೆ, ಕಸಮುಸುರೆ, ಮಕ್ಕಳ ಆರೈಕೆ ಮಾಡಿಕೊಂಡು, ಊರಿಗೆ ಹಣ ಕಳಿಸಿ, ತಂಗಿಯೊಬ್ಬಳ ಹಡಗಿನ ಟಿಕೆಟ್ಟಿಗೂ ದುಡ್ಡು ಹೊಂದಿಸಿದರು. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲೆ ಐರಿಷ್ ಹುಡುಗಿಯರು ನರ್ಸ್ ತರಬೇತಿಗೆಂದು ಸಾವಿರಾರು ಸಂಖ್ಯೆಯಲ್ಲಿ ಸಮುದ್ರ ದಾಟಿದರು. 1951ರಿಂದ 1961ರವರೆಗಿನ ಒಂದೇ ದಶಕದಲ್ಲಿ ನಿವ್ವಳ ಲೆಕ್ಕದಲ್ಲಿ ಸುಮಾರು 4 ಲಕ್ಷ ಜನ ಐರ್ಲೆಂಡ್ ಬಿಟ್ಟರು; 1961ರ ಜನಗಣತಿಯಲ್ಲಿ ಉಳಿದವರು ಸುಮಾರು 28 ಲಕ್ಷ.

ಅಂದಮೇಲೆ ಮಹಿಳೆಯರ ಕ್ಲಬ್ ಇಲ್ಲದಿದ್ದುದಕ್ಕೆ ಮಹಿಳೆಯರು ಇಲ್ಲದ್ದು ಕಾರಣವಾಗಿರಲಾರದು. 1884ರ ನವೆಂಬರ್ 1ರಂದು ಟಿಪ್ಪರೇರಿ ಕೌಂಟಿಯ ಥರ್ಲ್ಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಹನ್ನೆರಡು ವರ್ಷಗಳಲ್ಲಿ ಲಂಡನ್ನಿಗೂ ತನ್ನದೇ ಕೌಂಟಿ ಮಂಡಳಿ ಬಂತು. ಅಂದಿನ ಲಂಡನ್ ಕ್ಲಬ್‌ಗಳಲ್ಲಿ ಗುಮಾಸ್ತರು, ಅಂಚೆ ನೌಕರರು, ಕಟ್ಟಡ ಕೆಲಸದವರು ಸೇರುತ್ತಿದ್ದರು. ಮುಂದೆ ಐರಿಷ್ ಸ್ವಾತಂತ್ರ್ಯ ಹೋರಾಟದ ನಾಯಕರಾದ ಮೈಕೆಲ್ ಕಾಲಿನ್ಸ್ ಲಂಡನ್ನಿನ ಅಂಚೆ ಉಳಿತಾಯ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದಾಗ ಅಲ್ಲಿನ ಜೆರಾಲ್ಡೈನ್ಸ್ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದರು. ಕ್ಲಬ್ ಎಂದರೆ ಆಟ ಮಾತ್ರವಾಗಿರಲಿಲ್ಲ. ಕೆಲಸದ ಸುದ್ದಿ, ಬಾಡಿಗೆ ಕೋಣೆ, ರಾಜಕೀಯ, ಸಾವಿನ ಖರ್ಚಿಗೆ ಚಂದಾ ಎಲ್ಲವೂ ಅಲ್ಲೇ ಕುದುರುತ್ತಿದ್ದವು. ಮಹಿಳೆಯರು ಭಾನುವಾರದ ಪಂದ್ಯ ನೋಡಲು ಬರುತ್ತಿದ್ದರು, ಚಹಾ ಮತ್ತು ಸ್ಯಾಂಡ್‌ವಿಚ್ ಮಾಡಿ ಬಡಿಸುತ್ತಿದ್ದರು, ಕೆಸರಾದ ಜರ್ಸಿಗಳನ್ನು ಒಗೆದು ಕೊಡುತ್ತಿದ್ದರು, ರಾತ್ರಿ ಕ್ರಿಕಲ್‌ವುಡ್ಡಿನ ಗಾಲ್ಟಿಮೋರ್‌ನಂಥ ನೃತ್ಯಶಾಲೆಗಳನ್ನು ತುಂಬುತ್ತಿದ್ದರು. ಮೈದಾನದ ಗೆರೆಯೊಳಗೆ ಅವರಿಗೆ ಜಾಗವಿರಲಿಲ್ಲ. ಇದಕ್ಕೆ ಅಪವಾದವಾಗಿ ಹರ್ಲಿಂಗಿನ ಮಹಿಳಾ ರೂಪವಾದ ಕಮೋಗಿ 1904ರಿಂದಲೇ ಇತ್ತು. ಮೊದಲ ಸಾರ್ವಜನಿಕ ಪಂದ್ಯ ಅದೇ ವರ್ಷದ ಜುಲೈನಲ್ಲಿ ನಾವನ್ ಪಟ್ಟಣದಲ್ಲಿ ನಡೆದಾಗ ಆಟಗಾರ್ತಿಯರು ಉದ್ದನೆಯ ಲಂಗ ತೊಟ್ಟೇ ಓಡಿದ್ದರು. ಫುಟ್‌ಬಾಲಿಗೆ ಅಷ್ಟೂ ದಕ್ಕಲಿಲ್ಲ.

ತವರಿನಲ್ಲೇ ಇಲ್ಲದ ಆಟವನ್ನು ವಲಸಿಗರು ಎಲ್ಲಿಂದ ಒಯ್ದಾರು? 1960ರ ದಶಕದ ಕೊನೆಯ ಹೊತ್ತಿಗೆ ಹಳ್ಳಿಯ ಜಾತ್ರೆ, ಕಾರ್ನಿವಲ್‌ಗಳಲ್ಲಿ ಹುಡುಗಿಯರ ಫುಟ್‌ಬಾಲ್ ಪಂದ್ಯಗಳನ್ನು ಏರ್ಪಡಿಸುವ ರೂಢಿ ಬೆಳೆಯಿತು. ತಮಾಷೆಗೆಂದು ಜನ ಬಂದರು, ಆಟ ನೋಡಿ ಮರುವರ್ಷವೂ ಬಂದರು ಎಂದು ನಾನು ಊಹಿಸುತ್ತೇನೆ, ಏಕೆಂದರೆ ಕೆಲವೇ ವರ್ಷಗಳಲ್ಲಿ ಕೌಂಟಿ ಮಟ್ಟದ ತಂಡಗಳೇ ರೂಪುಗೊಂಡವು. 1973ರಲ್ಲಿ ಐರ್ಲೆಂಡ್ ಸರ್ಕಾರ, ಮದುವೆಯಾದ ಕೂಡಲೇ ಮಹಿಳೆ ಸರ್ಕಾರಿ ನೌಕರಿ ಬಿಡಬೇಕೆಂಬ ನಿಯಮವನ್ನು ಕೈಬಿಟ್ಟಿತು. ಮರುವರ್ಷ, 1974ರ ಜುಲೈ 18ರಂದು, ಅದೇ ಥರ್ಲ್ಸಿನ ಅದೇ ಹೇಯ್ಸ್ ಹೋಟೆಲಿನಲ್ಲಿ ಮಹಿಳಾ ಗೇಲಿಕ್ ಫುಟ್‌ಬಾಲ್ ಸಂಘ ಸ್ಥಾಪನೆಯಾಯಿತು. ಸಭೆಯಲ್ಲಿದ್ದುದು ಆಫಲಿ, ಕೆರ್ರಿ, ಟಿಪ್ಪರೇರಿ, ಗಾಲ್ವೆ ಎಂಬ ನಾಲ್ಕು ಕೌಂಟಿಗಳ ಪ್ರತಿನಿಧಿಗಳು ಮಾತ್ರ. ಆ ವರ್ಷದ ಮೊದಲ ಫೈನಲ್ ಲೀಶ್ ಕೌಂಟಿಯ ಡರೋ ಎಂಬ ಸಣ್ಣ ಊರಿನಲ್ಲಿ ನಡೆಯಿತು. ಟಿಪ್ಪರೇರಿ ಎರಡು ಗೋಲು ಮೂರು ಪಾಯಿಂಟ್, ಆಫಲಿ ಎರಡು ಗೋಲು ಎರಡು ಪಾಯಿಂಟ್. ಒಟ್ಟು ಲೆಕ್ಕದಲ್ಲಿ 9ಕ್ಕೆ 8. ಪುರುಷರ ಸಂಸ್ಥೆಯಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಈ ಹೊಸ ಸಂಘವನ್ನು ಮಾನ್ಯ ಮಾಡಲು 1982 ಬರಬೇಕಾಯಿತು. ಆ ಸಂಸ್ಥೆಯ ಮುಖ್ಯ ಕ್ರೀಡಾಂಗಣವಾದ ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ ಮಹಿಳೆಯರು ತಮ್ಮ ಫೈನಲನ್ನು ಮೊದಲ ಬಾರಿಗೆ ಆಡಿದ್ದು 1986ರಲ್ಲಿ.

ಈ ಇಸವಿಗಳನ್ನು ವಲಸೆಯ ಇಸವಿಗಳ ಪಕ್ಕದಲ್ಲಿಟ್ಟು ನೋಡಬೇಕೆಂದು ನನ್ನ ಕೋರಿಕೆ. 1982ರಿಂದ 1990ರವರೆಗೆ ಕೆರ್ರಿ ಸತತ ಒಂಬತ್ತು ಬಾರಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದಿತು, ಹಳ್ಳಿ ಹಳ್ಳಿಗಳಲ್ಲಿ ಹುಡುಗಿಯರು ಆ ತಂಡವನ್ನು ನೋಡಿ ಚೆಂಡು ಹಿಡಿದರು. ಅದೇ ವರ್ಷಗಳಲ್ಲಿ ಐರ್ಲೆಂಡಿನಲ್ಲಿ ನಿರುದ್ಯೋಗ ಶೇಕಡ 17ರ ಆಸುಪಾಸಿಗೆ ಏರಿತ್ತು. 1989ರ ಏಪ್ರಿಲ್ಲಿಗೆ ಕೊನೆಗೊಂಡ ಒಂದೇ ವರ್ಷದಲ್ಲಿ ನಿವ್ವಳ ವಲಸೆ ಸುಮಾರು 44 ಸಾವಿರ. ಹಿಂದಿನ ನೂರು ವರ್ಷಗಳಲ್ಲಿ ಹೊರಟ ಐರಿಷ್ ಹುಡುಗಿಯರಿಗೂ ಇವರಿಗೂ ಇದ್ದ ವ್ಯತ್ಯಾಸವೊಂದೇ: ಇವರಿಗೆ ಆಡಲು ಬರುತ್ತಿತ್ತು. ಲಂಡನ್, ನ್ಯೂಯಾರ್ಕ್, ಬಾಸ್ಟನ್, ಷಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಮಹಿಳೆಯರ ಫುಟ್‌ಬಾಲ್ ಬೇರೂರಿದ್ದರ ಮೂಲ ಕಾರಣ ಇಲ್ಲಿದೆ. ವಿದೇಶದ ಐರಿಷ್ ಸಮುದಾಯ ಇದ್ದಕ್ಕಿದ್ದಂತೆ ಉದಾರವಾಯಿತೆಂಬ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ.

ಇಂಥ ಕ್ಲಬ್ ಹುಟ್ಟುವ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಪುರುಷರ ಕ್ಲಬ್ಬೊಂದು ಅಲ್ಲಿ ಮೊದಲೇ ಇರುತ್ತದೆ. ಹೆಸರೂ ಇರುತ್ತದೆ: ಹತ್ತೊಂಬತ್ತನೆಯ ಶತಮಾನದ ನಾಯಕ ಪಾರ್ನೆಲ್ ನೆನಪಿನ ಲಂಡನ್ನಿನ ಪಾರ್ನೆಲ್ಸ್, ಡೊನೆಗಾಲ್ ಸೀಮೆಯ ಹಳೆಯ ಹೆಸರು ಹೊತ್ತ ಟೀರ್ ಕೊನಲ್ ಗೇಲ್ಸ್, ಇಲ್ಲವೇ ಯಾವುದೋ ಸಂತನ ಹೆಸರು. ನಾಲ್ಕೈದು ಮಂದಿ ನರ್ಸುಗಳೋ ಮಕ್ಕಳನ್ನು ನೋಡಿಕೊಳ್ಳುವವರೋ ಶಿಕ್ಷಕಿಯರೋ ಪುರುಷರ ಪಂದ್ಯ ಮುಗಿದ ಮೇಲೆ ಮೈದಾನದಲ್ಲಿ ಚೆಂಡು ಒದೆಯತೊಡಗುತ್ತಾರೆ. ಹದಿನೈದು ಮಂದಿಯನ್ನು ಕೂಡಿಸುವುದೇ ಮೊದಲ ಸಂಕಟ. ಭಾನುವಾರದ ಪೂಜೆ ಮುಗಿಸಿ ಹೊರಬರುವವರನ್ನು, ಆಸ್ಪತ್ರೆಯ ವಸತಿಗೃಹದಲ್ಲಿರುವವರನ್ನು, ಐರಿಷ್ ಪಬ್ಬಿನಲ್ಲಿ ಕೆಲಸ ಮಾಡುವವರನ್ನು ಕೇಳಬೇಕು. ಕಮೋಗಿ ಆಡಿದವಳು ಸಿಕ್ಕರೂ ಸರಿ, ಬ್ಯಾಸ್ಕೆಟ್‌ಬಾಲ್ ಆಡಿದವಳು ಸಿಕ್ಕರೂ ಸರಿ. ಬಳಿಕ ಪ್ರತಿಯೊಬ್ಬಳ ತವರು ಕ್ಲಬ್ಬಿನಿಂದ ವರ್ಗಾವಣೆ ಪತ್ರ ತರಿಸಬೇಕು. ಅದಕ್ಕೆ ತವರಿನ ಕಾರ್ಯದರ್ಶಿ ಸಹಿ ಹಾಕಬೇಕು. ಒಳ್ಳೆಯ ಆಟಗಾರ್ತಿಯನ್ನು ಬಿಟ್ಟುಕೊಡಲು ಯಾವ ಕಾರ್ಯದರ್ಶಿಗೂ ಮನಸ್ಸು ಬರುವುದಿಲ್ಲ. ಜರ್ಸಿಗೆ ಹಣ ಬೇಕು: ಎದೆಯ ಮೇಲೆ ತನ್ನ ಹೆಸರು ಬರುವುದಾದರೆ ಪಬ್ಬಿನ ಮಾಲೀಕನೋ ಕಟ್ಟಡ ಕಂಟ್ರಾಕ್ಟರನೋ ಕೊಡುತ್ತಾನೆ. ಎಷ್ಟೋ ಹೊಸ ತಂಡಗಳು ಪುರುಷರ ಹಳೆಯ ಜರ್ಸಿಗಳಲ್ಲೇ, ತೋಳು ಮೊಣಕೈ ದಾಟಿ ಇಳಿಬಿದ್ದಿದ್ದರೂ, ಮೊದಲ ವರ್ಷ ಕಳೆದಿವೆ.

ಎಲ್ಲಕ್ಕಿಂತ ಕಠಿಣವಾದದ್ದು ಮೈದಾನ. ನ್ಯೂಯಾರ್ಕಿನ ಗೇಲಿಕ್ ಕ್ರೀಡೆಗಳ ಕೇಂದ್ರ ಬ್ರಾಂಕ್ಸ್‌ನ 240ನೇ ಬೀದಿಯ ಗೇಲಿಕ್ ಪಾರ್ಕ್. 1920ರ ದಶಕದಿಂದ ಅಲ್ಲಿ ಆಟ ನಡೆದಿದೆ, ಪಕ್ಕದಲ್ಲೇ ಮೆಟ್ರೊ ರೈಲುಗಳ ಶೆಡ್ಡು. ಲಂಡನ್ನಿನದು ಪಶ್ಚಿಮ ಹೊರವಲಯದ ರೈಸ್ಲಿಪ್. ಇಡೀ ನಗರಕ್ಕೆ ಒಂದು ಮುಖ್ಯ ಮೈದಾನ, ವಾರಕ್ಕೆ ಒಂದು ಭಾನುವಾರ. ಪುರುಷರ ಹಿರಿಯ, ಮಧ್ಯಮ, ಕಿರಿಯ ದರ್ಜೆಗಳ ಪಂದ್ಯಗಳು ಮುಗಿದು ಮಿಕ್ಕ ವೇಳೆ ಮಹಿಳೆಯರಿಗೆ. ಬೆಳಗಿನ ಚಳಿಯಲ್ಲಿ ಪ್ರೇಕ್ಷಕರೇ ಇಲ್ಲದ ಹೊತ್ತು, ಇಲ್ಲವೇ ಸಂಜೆ ಬೆಳಕು ಕುಂದುವ ಹೊತ್ತು. ಉಳಿದ ದಿನ ಸಾರ್ವಜನಿಕ ಉದ್ಯಾನದಲ್ಲಿ ಅಭ್ಯಾಸ ಮಾಡಬೇಕು. ಅಲ್ಲಿ ಎಚ್ ಆಕಾರದ ಕಂಬವೂ ಇಲ್ಲ, ಗೆರೆಯೂ ಇಲ್ಲ.

ನ್ಯೂಯಾರ್ಕಿನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. 1980ರ ದಶಕದಲ್ಲಿ ಅಲ್ಲಿಗೆ ಹೋದ ಐರಿಷರಲ್ಲಿ ಬಹಳ ಮಂದಿ ಪ್ರವಾಸಿ ವೀಸಾದ ಅವಧಿ ಮುಗಿದರೂ ಉಳಿದುಕೊಂಡವರು. ಗಂಡಸರು ಕಟ್ಟಡ ಕೆಲಸದಲ್ಲಿ ಗುಂಪಾಗಿದ್ದರೆ, ಹೆಂಗಸರು ಮಕ್ಕಳನ್ನೋ ವೃದ್ಧರನ್ನೋ ನೋಡಿಕೊಳ್ಳುತ್ತ ಪರರ ಮನೆಗಳಲ್ಲಿ ಒಬ್ಬೊಬ್ಬರೇ ಇರುತ್ತಿದ್ದರು. ತಾಯಿ ತೀರಿಕೊಂಡರೂ ಊರಿಗೆ ಹೋಗುವ ಧೈರ್ಯವಿಲ್ಲ, ಹೋದರೆ ಮತ್ತೆ ಒಳಗೆ ಬಿಡುತ್ತಾರೆಂಬ ಖಾತರಿಯಿಲ್ಲ. 1990ರ ವಲಸೆ ಕಾಯಿದೆಯಡಿ ಬಂದ ಮಾರಿಸನ್ ವೀಸಾಗಳು ಮೂರು ವರ್ಷಗಳಲ್ಲಿ 48 ಸಾವಿರ ಐರಿಷರಿಗೆ ನೆಲೆ ಕೊಟ್ಟವು. ಅದಕ್ಕೆ ಮೊದಲು, ವಾರಕ್ಕೊಮ್ಮೆಯಾದರೂ ಹೆಸರು ಹಿಡಿದು ಕರೆಯುವ, ಊರಿನ ಉಚ್ಚಾರದಲ್ಲಿ ಮಾತನಾಡುವ ಇಪ್ಪತ್ತು ಹೆಂಗಸರು ಒಂದೆಡೆ ಸೇರುವ ಜಾಗಕ್ಕೆ ಪಂದ್ಯದ ಸೋಲುಗೆಲುವಿಗಿಂತ ಬೇರೆಯೇ ಬೆಲೆಯಿತ್ತು. ಪುರುಷರ ಕ್ಲಬ್‌ಗಳ ಚರಿತ್ರೆ ಬರೆದವರು ಕೆಲಸ ಕೊಡಿಸಿದ್ದನ್ನು ಬಹಳ ಬರೆದಿದ್ದಾರೆ. ಒಂಟಿತನದ ಮಾತು ಬರುವುದು ಕಡಿಮೆ.

ವಲಸಿಗರ ಕ್ಲಬ್ಬಿನ ಆಯುಷ್ಯವನ್ನು ತೀರ್ಮಾನಿಸುವುದು ಐರ್ಲೆಂಡಿನ ಆರ್ಥಿಕತೆ, ಅದೂ ತಿರುಗುಮುರುಗಾಗಿ. 1990ರ ದಶಕದ ಕೊನೆಯಲ್ಲಿ ಐರ್ಲೆಂಡ್ ಶ್ರೀಮಂತವಾದಾಗ ಜನ ಮರಳಿದರು, ವಿದೇಶದ ತಂಡಗಳು ಸೊರಗಿದವು. 2008ರಲ್ಲಿ ಬ್ಯಾಂಕುಗಳು ಕುಸಿದು ಮತ್ತೆ ವಲಸೆ ಶುರುವಾದಾಗ ಅವೇ ತಂಡಗಳು ತುಂಬಿದವು, ಹೊಸವೂ ಹುಟ್ಟಿದವು. ಈ ಬಾರಿ ದಾರಿ ಸಿಡ್ನಿ, ಮೆಲ್ಬರ್ನ್, ಪರ್ತ್, ದುಬೈ, ಅಬುಧಾಬಿಗಳ ಕಡೆಗೆ. ಹೋದವರಲ್ಲಿ ಕಾಯಂ ನೌಕರಿ ಸಿಗದ ಶಾಲಾ ಶಿಕ್ಷಕಿಯರ ಸಂಖ್ಯೆ ದೊಡ್ಡದು. ಒಂದು ತಂಡದ ಅರ್ಧದಷ್ಟು ಮಂದಿ ಎರಡು ವರ್ಷದ ಗುತ್ತಿಗೆ ಮುಗಿಸಿ ಹೊರಟರೆ ಕಾರ್ಯದರ್ಶಿಯ ಜೊತೆ ನಡಾವಳಿ ಪುಸ್ತಕವೂ ಹೋಗುತ್ತದೆ. ಮಹಿಳಾ ಕ್ಲಬ್‌ಗಳ ಚರಿತ್ರೆಯನ್ನು ಬರೆಯುವುದು ಕಷ್ಟವಾಗಿರುವುದಕ್ಕೆ ಈ ಸರಳ ಕಾರಣವೂ ಇದೆ.

ಆದರೆ ಏಷ್ಯಾ, ಕೊಲ್ಲಿ ರಾಷ್ಟ್ರಗಳು, ಯೂರೋಪಿನ ಭೂಖಂಡದಲ್ಲಿ ನಡೆದ ಒಂದು ಬದಲಾವಣೆ ಲಂಡನ್ ನ್ಯೂಯಾರ್ಕ್‌ಗಳ ಚರಿತ್ರೆಗಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ. ಲಂಡನ್ನಿನಲ್ಲಿ ಪುರುಷರ ಮಂಡಳಿ ಬೇರೆ, ಮಹಿಳೆಯರ ಮಂಡಳಿ ಬೇರೆ. ಐರ್ಲೆಂಡಿನ ವ್ಯವಸ್ಥೆಯೇ ಅಲ್ಲಿ ಪ್ರತಿಬಿಂಬಿಸಿತು, ಏಕೆಂದರೆ ಬೇರೆಬೇರೆಯಾಗಿ ಇರುವಷ್ಟು ಜನ ಅಲ್ಲಿದ್ದರು. ಸೋಲ್‌ನಲ್ಲೋ ಲಕ್ಸಂಬರ್ಗ್‌ನಲ್ಲೋ ಅಷ್ಟು ಜನರಿರಲಿಲ್ಲ. ಅಲ್ಲಿ ಒಂದೇ ಕ್ಲಬ್, ಒಂದೇ ಸಮಿತಿ, ಒಂದೇ ಬ್ಯಾಂಕ್ ಖಾತೆ, ಒಂದೇ ಬಾಡಿಗೆ ರಗ್ಬಿ ಮೈದಾನ. ಹದಿನೈದು ಮಂದಿ ಸಿಗದ ಕಾರಣ ಒಂಬತ್ತು ಮಂದಿಯ ತಂಡಗಳನ್ನು ಮಾಡಿದರು, ಪಂದ್ಯದ ಅವಧಿ ತಗ್ಗಿಸಿದರು, ಒಂದೇ ದಿನ ಹಲವು ಪಂದ್ಯ ಆಡುವ ಟೂರ್ನಿ ನಡೆಸಿದರು. 1996ರಲ್ಲಿ ಮನಿಲಾದಲ್ಲಿ ಆರಂಭವಾದ ಏಷ್ಯನ್ ಗೇಲಿಕ್ ಗೇಮ್ಸ್ ಇಂಥದ್ದು. ವಿಮಾನದ ಟಿಕೆಟ್, ಹೋಟೆಲ್, ಮೈದಾನದ ಬಾಡಿಗೆ ಎಲ್ಲ ಒಟ್ಟಿಗೆ ಹಂಚಿಕೊಳ್ಳಬೇಕಾದಾಗ ಮಹಿಳೆಯರ ಪಂದ್ಯವನ್ನು ಮಿಕ್ಕ ವೇಳೆಗೆ ತಳ್ಳುವ ಪ್ರಶ್ನೆ ಏಳುವುದಿಲ್ಲ. ಅವರು ಕೊಟ್ಟ ಹಣವಿಲ್ಲದೆ ಟೂರ್ನಿಯೇ ನಡೆಯುವುದಿಲ್ಲ. ಕೂಡುಕುಟುಂಬದಲ್ಲಿ ಒಲೆ ಒಂದೇ ಇರುವಾಗ ಎಲ್ಲರಿಗೂ ಒಂದೇ ಹೊತ್ತಿಗೆ ಊಟವಾಗುವಂತೆ, ಸಮಾನತೆ ಇಲ್ಲಿ ಕೊರತೆಯಿಂದ ಬಂತು.

ಕೊರತೆ ಮತ್ತೊಂದನ್ನೂ ಮಾಡಿಸಿತು. ಐರಿಷ್ ಹುಡುಗಿಯರಷ್ಟೇ ಸಾಲದಾದಾಗ ಸಹೋದ್ಯೋಗಿಗಳನ್ನು, ನೆರೆಯವರನ್ನು, ಆಟದ ಹೆಸರನ್ನೇ ಕೇಳದವರನ್ನು ಕರೆತಂದರು. ನೆಟ್‌ಬಾಲ್, ಹ್ಯಾಂಡ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡಿದವರಿಗೆ ಚೆಂಡನ್ನು ಕೈಯಲ್ಲಿ ಹಿಡಿಯುವುದು ಹೊಸತಲ್ಲ. ಓಡುತ್ತಲೇ ಪಾದದಿಂದ ಕೈಗೆ ಚಿಮ್ಮಿಸಿಕೊಳ್ಳುವುದನ್ನು ಮಾತ್ರ ಕಲಿಯಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಕಲಿಯುವವಳು ಮೊದಲ ದಿನಗಳಲ್ಲಿ ಚೆಂಡನ್ನು ಮುಂದಕ್ಕೆ ಒದ್ದು ಅದರ ಹಿಂದೆ ಓಡುತ್ತಾಳೆ; ಕಾಲ್ಬೆರಳನ್ನು ತನ್ನ ಕಡೆಗೆ ಬಾಗಿಸಿಕೊಂಡರೆ ಚೆಂಡು ಹಿಮ್ಮುಖವಾಗಿ ತಿರುಗಿ ಎದೆಗೆ ಬರುತ್ತದೆಂಬುದು ಮೈಗೂಡಲು ಸಮಯ ಹಿಡಿಯುತ್ತದೆ. ಫ್ರಾನ್ಸಿನ ಬ್ರಿಟನಿ, ಸ್ಪೇನಿನ ಗಲಿಸಿಯಾ ಪ್ರದೇಶಗಳ ಕ್ಲಬ್‌ಗಳಲ್ಲಿ ಇಂದು ಬಹುತೇಕರು ಸ್ಥಳೀಯರೇ. 2015ರಲ್ಲಿ ಅಬುಧಾಬಿಯಲ್ಲಿ ನಡೆದ ವಿಶ್ವ ಗೇಲಿಕ್ ಕ್ರೀಡಾಕೂಟ ಆಮೇಲೆ 2016ರಲ್ಲಿ ಡಬ್ಲಿನ್, 2019ರಲ್ಲಿ ವಾಟರ್‌ಫರ್ಡ್, 2023ರಲ್ಲಿ ಡೆರಿಯಲ್ಲಿ ನಡೆಯಿತು; ಐರ್ಲೆಂಡಿನಲ್ಲಿ ಹುಟ್ಟಿದವರಿಗೆ ಒಂದು ವಿಭಾಗ, ಆಯಾ ದೇಶದಲ್ಲೇ ಹುಟ್ಟಿದವರಿಗೆ ಇನ್ನೊಂದು ವಿಭಾಗ ಎಂದು ಅಲ್ಲಿ ಪ್ರತ್ಯೇಕಿಸಬೇಕಾಗಿ ಬಂತು. ಈ ವಿಂಗಡಣೆ ಆಟದ ಮಟ್ಟಕ್ಕೆ ನ್ಯಾಯವಾದರೂ, ವಾರವಿಡೀ ಒಟ್ಟಿಗೆ ಅಭ್ಯಾಸ ಮಾಡುವವರನ್ನು ಕೂಟದ ದಿನ ಜನ್ಮಸ್ಥಳದ ಆಧಾರದಲ್ಲಿ ಬೇರ್ಪಡಿಸುವುದು ನನಗೆ ಕಿರಿಕಿರಿಯ ಸಂಗತಿ.

ಆಸ್ಟ್ರೇಲಿಯದ್ದು ಬೇರೆ ಬಗೆಯ ಕತೆ. ಅಲ್ಲಿನ ಸ್ವಂತ ಫುಟ್‌ಬಾಲಿಗೂ ಗೇಲಿಕ್ ಫುಟ್‌ಬಾಲಿಗೂ ಹೋಲಿಕೆಯಿದೆ, ಚೆಂಡು ಮಾತ್ರ ಮೊಟ್ಟೆಯಾಕಾರದ್ದು. 2017ರಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಆರಂಭವಾದಾಗ ಅದರಲ್ಲಿ ಆಡಿದ ಮೊದಲ ಐರಿಷ್ ಮಹಿಳೆ ಕ್ಯಾವನ್ ಕೌಂಟಿಯ ಲಾರಾ ಕಾರಿಗನ್ ಡುರ್ಯೆ. ಅವರು ಮೆಲ್ಬರ್ನ್‌ಗೆ ಹೋದದ್ದು ವಲಸಿಗರಾಗಿ, ಒಪ್ಪಂದ ಬಂದದ್ದು ಆಮೇಲೆ. ಮರು ಋತುವಿನಲ್ಲಿ ಮೇಯೊ ಕೌಂಟಿಯ ಪ್ರಖ್ಯಾತ ಆಟಗಾರ್ತಿ ಕೋರಾ ಸ್ಟಾಂಟನ್ ನೇರವಾಗಿ ಒಪ್ಪಂದ ಪಡೆದೇ ಹೊರಟರು. ಈಗ ಆ ಲೀಗಿನಲ್ಲಿ ಮೂವತ್ತಕ್ಕೂ ಹೆಚ್ಚು ಐರಿಷ್ ಆಟಗಾರ್ತಿಯರಿದ್ದಾರೆ. ಹಿಂದೆ ವಲಸೆ ಹೋದವರು ಆಟವನ್ನು ಜೊತೆಗೊಯ್ದರು. ಇಲ್ಲಿ ಆಟವೇ ವಲಸೆಗೆ ಕಾರಣವಾಗಿದೆ. ತವರಿನ ಕೌಂಟಿ ತಂಡಗಳಿಗೆ ಇದು ನಷ್ಟವೆನ್ನುವವರಿದ್ದಾರೆ; ಸಂಬಳ ಕೊಡದ ಸಂಸ್ಥೆ ಸಂಬಳ ಕೊಡುವವರ ಮೇಲೆ ದೂರುವುದರಲ್ಲಿ ಹೆಚ್ಚು ಹುರುಳಿಲ್ಲ.

ಇತ್ತ ಐರ್ಲೆಂಡಿನಲ್ಲಿ ಮಹಿಳೆಯರ ಆಟ ಜನಪ್ರಿಯತೆಯಲ್ಲಿ ಮೇಲೇರಿದೆ. 2019ರ ಫೈನಲ್ ನೋಡಲು ಕ್ರೋಕ್ ಪಾರ್ಕ್‌ಗೆ 56,114 ಮಂದಿ ಬಂದಿದ್ದರು. ಆದರೂ ಮೈದಾನಗಳು ಪುರುಷರ ಸಂಸ್ಥೆಯ ಒಡೆತನದಲ್ಲಿವೆ, ಮಹಿಳೆಯರ ಸಂಘ ಅಲ್ಲಿ ಅತಿಥಿ. 2020ರ ಡಿಸೆಂಬರಿನಲ್ಲಿ ಕಾರ್ಕ್ ಮತ್ತು ಗಾಲ್ವೆ ನಡುವಿನ ಅಖಿಲ ಐರ್ಲೆಂಡ್ ಸೆಮಿಫೈನಲ್ ಮೊದಲು ಲಿಮರಿಕ್‌ನಲ್ಲಿ ನಡೆಯಬೇಕಿತ್ತು. ಅಲ್ಲಿನ ಪುರುಷರ ಹರ್ಲಿಂಗ್ ತಂಡಕ್ಕೆ ಅಭ್ಯಾಸಕ್ಕೆ ಮೈದಾನ ಬೇಕಾಯಿತೆಂದು ಪಂದ್ಯವನ್ನು ಡಬ್ಲಿನ್ನಿನ ಪಾರ್ನೆಲ್ ಪಾರ್ಕ್‌ಗೆ ಸ್ಥಳಾಂತರಿಸಿದರು. ಪಂದ್ಯದ ಬೆಳಗ್ಗೆ ಆ ನೆಲ ಹಿಮಗಟ್ಟಿತ್ತು, ಕ್ರೋಕ್ ಪಾರ್ಕ್‌ಗೆ ಹೋಗಿರೆಂದರು. ಪಂದ್ಯವನ್ನು ನಿಗದಿತ ವೇಳೆಗಿಂತ ಬೇಗನೆ ಆರಂಭಿಸಲೂ ತೀರ್ಮಾನಿಸಿದರು. ಗಾಲ್ವೆಯ ಆಟಗಾರ್ತಿಯರಿಗೆ ಮೈ ಬಿಸಿ ಮಾಡಿಕೊಳ್ಳಲು ಕೆಲವೇ ನಿಮಿಷ ಸಿಕ್ಕವು.

ಈ ಪ್ರಸಂಗದ ನಂತರ ಸಂಸ್ಥೆಗಳನ್ನು ಒಂದುಗೂಡಿಸಬೇಕೆಂಬ ಒತ್ತಾಯಕ್ಕೆ ಬಲ ಬಂತು. 2023ರ ಬೇಸಿಗೆಯಲ್ಲಿ ಕೌಂಟಿ ತಂಡಗಳ ಆಟಗಾರ್ತಿಯರು ಸೌಲಭ್ಯಗಳಿಗಾಗಿ ಒಟ್ಟಾಗಿ ಪ್ರತಿಭಟನೆ ಸಾರಿದರು. ಮಾಜಿ ರಾಷ್ಟ್ರಾಧ್ಯಕ್ಷೆ ಮೇರಿ ಮೆಕಲೀಸ್ ನೇತೃತ್ವದ ಸಮಿತಿ ಪುರುಷರ ಸಂಸ್ಥೆ, ಮಹಿಳಾ ಫುಟ್‌ಬಾಲ್ ಸಂಘ, ಕಮೋಗಿ ಸಂಘ ಮೂರನ್ನೂ 2027ರೊಳಗೆ ಒಂದೇ ಸೂರಿನಡಿ ತರುವ ಗುರಿಯನ್ನು ಪ್ರಕಟಿಸಿದೆ. ಒಂದೇ ಸಮಿತಿ, ಒಂದೇ ಖಾತೆ, ಹಂಚಿಕೊಂಡ ಮೈದಾನ: ಏಷ್ಯಾದ, ಯೂರೋಪಿನ ವಲಸಿಗ ಕ್ಲಬ್‌ಗಳು ಯಾವ ಸಮಿತಿಯ ವರದಿಯೂ ಇಲ್ಲದೆ ದಶಕಗಳಿಂದ ನಡೆಸಿಕೊಂಡು ಬಂದ ಏರ್ಪಾಡೇ ಇದು. ಅಲ್ಲಿ ಹೊಸದಾಗಿ ಒಂದಾಗಬೇಕಾದದ್ದು ಬಹಳವಿಲ್ಲ. ವಿಲೀನದ ಕಷ್ಟ ಬರುವುದಿದ್ದರೆ ಲಂಡನ್ ನ್ಯೂಯಾರ್ಕ್‌ನಂಥ ದೊಡ್ಡ, ಹಳೆಯ ನೆಲೆಗಳಲ್ಲಿ ಬರುತ್ತದೆ. ರೈಸ್ಲಿಪ್ಪಿನಲ್ಲಿ ಭಾನುವಾರ ಮಧ್ಯಾಹ್ನದ ಪಂದ್ಯ ಯಾರದು, ಬೆಳಗಿನದು ಯಾರದು ಎಂಬ ವೇಳಾಪಟ್ಟಿಯನ್ನು ಮುಂದೆ ಯಾವ ಸಮಿತಿ ಬರೆಯುತ್ತದೆ, ಅದರಲ್ಲಿ ಎಷ್ಟು ಮಂದಿ ಮಹಿಳೆಯರು ಕೂತಿರುತ್ತಾರೆ ಎಂಬುದು ಅಲ್ಲಿನ ಕ್ಲಬ್‌ಗಳ ಮುಂದಿರುವ ಕೆಲಸ.